ಪುಲಿಕಾಟ್ ಸರೋವರದಲ್ಲಿ ಒಂದು ಹಗಲು

ನಮ್ಮ ಜನರು ಪ್ರವಾಸಕ್ಕೆ ಹೊರಡುವಾಗ ದೇವಸ್ಥಾನ, ನದೀಸಂಗಮ, ಜಲಪಾತ, ಇಲ್ಲವೇ ಹಾಳುಬಿದ್ದ ಕೋಟೆ, ಇವುಗಳಲ್ಲಿ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡುವುದು ವಾಡಿಕೆ. ಹಕ್ಕಿಗಳನ್ನು ನೋಡುವುದೊಂದನ್ನೇ ಉದ್ದೇಶವಾಗಿಟ್ಟುಕೊಂಡು ಬುತ್ತಿ ಕಟ್ಟಿಕೊಂಡು ಹೋಗತಕ್ಕವರು ಇನ್ನೂ ವಿರಳ. ಅದಕ್ಕೆ ಪಕ್ಷಿಶಾಸ್ತ್ರದಲ್ಲಿ ಪಾಂಡಿತ್ಯವಿರಬೇಕೆಂಬ ಭಾವನೆಯೂ ಅನೇಕರಲ್ಲಿ ಉಂಟು. ಇದು ನಿಜವಲ್ಲ. ಬೆಳಗಿನ ಜಾವದಲ್ಲಿ ಏಳುವ ಮನಸ್ಸು, ಮಾತನ್ನು ಮಿತಗೊಳಿಸುವ ಸಹನೆ, ಒಂದು ಸಾಧಾರಣವಾದ ದುರ್ಬೀನು, ಇಷ್ಟಿದ್ದರೆ ಮಕ್ಕಳು ಮುದುಕರೆನ್ನದೆ ಮನೆಮಂದಿಯೆಲ್ಲ ಈ ಸಂತೋಷವನ್ನು ಪಡೆಯಬಹುದು. ಇದಕ್ಕೆ ಅತ್ಯಂತ ಯೋಗ್ಯವಾದ ಸ್ಥಳಗಳಲ್ಲಿ ಒಂದು, ಆಂಧ್ರಪ್ರದೇಶದ ದಕ್ಷಿಣದ ಅಂಚಿನಲ್ಲಿ ಬಂಗಾಳ ಕೊಲ್ಲಿಗೆ ಒತ್ತಿಕೊಂಡಿರುವ ಪುಲಿಕಾಟ್ ಸರೋವರ.

ಬೆಂಗಳೂರಿನಿಂದ ಚೆನ್ನೈಗೆ ಹೋಗಿ, ಅಲ್ಲಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿರುವ ಸೂಳ್ಳೂರುಪೇಟೆಗೆ ರೈಲಿನಲ್ಲಿಯೇ ಹೋಗಬಹುದು. ಸಂಕ್ರಾಂತಿ ಕಳೆದ ಮೇಲೆ ನಾವು ನಾಲ್ವರು ಈ ದಾರಿಯಾಗಿ ಅಲ್ಲಿಗೆ ಹೋಗಿದ್ದೆವು: ನಮ್ಮ ಅಕ್ಕ, ಭಾವನವರು, ಹತ್ತು ವರ್ಷದ ಅವರ ಮೊಮ್ಮಗ, ಮತ್ತು ನಾನು. ಅಕ್ಕನನ್ನು ಮುಳಬಾಗಿಲಿನ ಕಡೆಗೆ ಕೊಟ್ಟಿರುವುದರಿಂದ ಅವಳಿಗೆ ತೆಲುಗು ಸಲೀಸು. ಇದರಿಂದ ನಮಗೆ ಆದ ಅನುಕೂಲವನ್ನು ಮುಂದೆ ಹೇಳುತ್ತೇನೆ. ರಾತ್ರಿ ಸೂಳ್ಳೂರುಪೇಟೆಯಲ್ಲಿ ತಂಗಿದ್ದು, ಮರುದಿನ ಇನ್ನೂ ನಸುಕಿರುವಾಗಲೇ ಒಂದು ಬಾಡಿಗೆಯ ಕಾರಿನಲ್ಲಿ ಹೊರಟೆವು.

ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟೆಗೆ ಹೋಗುವ ರಸ್ತೆಯು ಸರೋವರವನ್ನು ಅಡ್ಡಲಾಗಿ ಸೀಳಿಕೊಂಡು ಪೂರ್ವಕ್ಕೆ ಸಾಗುತ್ತದೆ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗದ್ದೆಗಳು ಮುಗಿದು, ಎಡಕ್ಕೂ ಬಲಕ್ಕೂ ಕಣ್ಣು ಹರಿಯುವವರೆಗೆ ನೀರೇ ನೀರು. ಆದರೆ ಇದು ಅಲೆಯೇಳುವ ನೀರಲ್ಲ. ಕನ್ನಡಿಯನ್ನು ಮಲಗಿಸಿದಂತೆ ಅಲ್ಲಾಡದೆ ಬಿದ್ದಿರುವ ನೀರು. ದೂರದಲ್ಲಿ ಒಬ್ಬನು ಬಲೆಯನ್ನು ಹೆಗಲಮೇಲೆ ಹಾಕಿಕೊಂಡು ಸರೋವರದ ನಡುವೆ ನಡೆದು ಹೋಗುತ್ತಿದ್ದನು. ನೀರು ಅವನ ಮೊಣಕಾಲಿಗೂ ಬಂದಿರಲಿಲ್ಲ. “ತಾತ, ಇಷ್ಟು ದೊಡ್ಡ ಕೆರೆಯಲ್ಲಿ ಮುಳುಗುವಷ್ಟು ನೀರೇ ಇಲ್ಲವೇ?” ಎಂದು ಹುಡುಗನು ಆಶ್ಚರ್ಯಪಟ್ಟನು.

ಈ ಸರೋವರದ ವಿಶೇಷವೆಲ್ಲವೂ ಆ ಪ್ರಶ್ನೆಯೊಳಗೇ ಅಡಗಿದೆ. ಒಡಿಶಾದ ಚಿಲ್ಕಾ ಸರೋವರವನ್ನು ಬಿಟ್ಟರೆ, ಕಡಲ ನೀರೂ ಹೊಳೆಯ ನೀರೂ ಕಲೆಯುವ ಸರೋವರಗಳಲ್ಲಿ ನಮ್ಮ ದೇಶದಲ್ಲೆಲ್ಲ ಇದೇ ದೊಡ್ಡದು. ಉತ್ತರ ದಕ್ಷಿಣವಾಗಿ ಇದರ ಉದ್ದ ಸುಮಾರು 60 ಕಿಲೋಮೀಟರು. ಬಹುಭಾಗ ಆಂಧ್ರಕ್ಕೂ ದಕ್ಷಿಣದ ತುದಿ ತಮಿಳುನಾಡಿಗೂ ಸೇರಿದೆ. ಮಳೆಗಾಲದಲ್ಲಿ ಸುಮಾರು 450 ಚದರ ಕಿಲೋಮೀಟರು ಹರಡುವ ನೀರು ಬೇಸಿಗೆಯಲ್ಲಿ ಸುಮಾರು 250ಕ್ಕೆ ಇಳಿಯುವುದುಂಟು. ಇಷ್ಟು ವಿಸ್ತಾರವಿದ್ದರೂ ಸರಾಸರಿ ಆಳ ಒಂದು ಮೀಟರಿನ ಆಸುಪಾಸು ಮಾತ್ರ. ಅರಣಿ, ಕಾಳಂಗಿ ಮುಂತಾದ ಹೊಳೆಗಳು ಪಶ್ಚಿಮದಿಂದ ಸಿಹಿನೀರನ್ನು ತರುತ್ತವೆ. ಪೂರ್ವದಲ್ಲಿ ಶ್ರೀಹರಿಕೋಟೆಯ ನೀಳವಾದ ದ್ವೀಪವು ಗೋಡೆಯಂತೆ ನಿಂತು ಕಡಲನ್ನು ತಡೆದಿದೆ. ಆ ಗೋಡೆಯ ಬಿರುಕುಗಳಂತಿರುವ ಅಳಿವೆಗಳ ಮೂಲಕ ಉಬ್ಬರದ ನೀರು ಒಳಗೆ ಬಂದು, ಇಳಿತದಲ್ಲಿ ಹಿಂದಕ್ಕೆ ಹೋಗುತ್ತದೆ. ಆದಕಾರಣ ಕಾರ್ತಿಕ ಮಾಸದ ಮಳೆಯಲ್ಲಿ ಬಹುಮಟ್ಟಿಗೆ ಸಿಹಿಯಾಗಿರುವ ಈ ನೀರು, ಬೇಸಿಗೆಯಲ್ಲಿ ಕಡಲಿಗಿಂತಲೂ ಉಪ್ಪಾಗುವುದುಂಟು.

ದಕ್ಷಿಣದ ಅಳಿವೆಯ ಬಳಿಯಿರುವ ಪಳವೇರ್ಕಾಡೆಂಬ ಊರಿನ ಹೆಸರೇ ಪರದೇಶದವರ ನಾಲಗೆಯಲ್ಲಿ ಪುಲಿಕಾಟ್ ಎಂದಾಯಿತು. ನಮ್ಮ ವಿಜಯನಗರದ ಅರಸರ ಕಾಲದಲ್ಲಿ ಇದು ಹೆಸರಾಂತ ರೇವುಪಟ್ಟಣವಾಗಿತ್ತು. ಡಚ್ಚರು ಅಲ್ಲಿಗೆ ಬಂದು ನೆಲಸಿ 1613ರಲ್ಲಿ ಗೆಲ್ಡ್ರಿಯಾ ಎಂಬ ಕೋಟೆಯನ್ನು ಕಟ್ಟಿಕೊಂಡರು. ಆ ವೈಭವವೆಲ್ಲ ಅಳಿಯಿತು. ಹಕ್ಕಿಗಳು ಮಾತ್ರ ಈಗಲೂ ಬರುತ್ತಿವೆ.

ಸೂರ್ಯೋದಯವಾಗುವ ವೇಳೆಗೆ ರಸ್ತೆಯ ಬದಿಯಲ್ಲಿ ಕಾರನ್ನು ನಿಲ್ಲಿಸಿ ಇಳಿದೆವು. ಉತ್ತರದ ದಿಕ್ಕಿನಲ್ಲಿ, ನೀರು ಆಕಾಶಗಳು ಕೂಡುವ ಕಡೆ, ಒಂದು ನಸುಗೆಂಪಾದ ಗೆರೆ ಕಾಣುತ್ತಿತ್ತು. ಭಾವನವರು ಅದನ್ನು ಉದಯರಾಗದ ನೆರಳೆಂದು ತಿಳಿದರು. ಅಷ್ಟರಲ್ಲಿ ಆ ಗೆರೆ ಒಂದು ಕಡೆ ಕದಲಿತು, ಮೇಲಕ್ಕೆದ್ದಿತು, ಮುರಿದು ನೂರಾರು ಚೂರಾಯಿತು. ರಾಜಹಂಸಗಳು! ಕತ್ತನ್ನು ಮುಂದಕ್ಕೂ ಕಾಲನ್ನು ಹಿಂದಕ್ಕೂ ಎಳೆದ ಕೋಲಿನಂತೆ ಚಾಚಿ, ರೆಕ್ಕೆಯೊಳಗಿನ ಕಡುಗೆಂಪನ್ನೂ ಕಪ್ಪನ್ನೂ ಒಮ್ಮೆ ತೋರಿ ಒಮ್ಮೆ ಮರೆಸಿ, ಅವು ಅರ್ಧ ವೃತ್ತವಾಗಿ ಸುತ್ತಿ ಇನ್ನಷ್ಟು ಹತ್ತಿರಕ್ಕೆ ಬಂದು ಇಳಿದವು. ಸ್ವಲ್ಪ ಹೊತ್ತು ನಮ್ಮಲ್ಲಿ ಯಾರೂ ಮಾತನಾಡಲಿಲ್ಲ.

ಸಂಸ್ಕೃತ ಕಾವ್ಯಗಳ ರಾಜಹಂಸವು ಇದೇ ಹಕ್ಕಿಯೋ ಅಲ್ಲವೋ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ಈಗ ಕನ್ನಡದಲ್ಲಿ ಆ ಹೆಸರು ಸಲ್ಲುತ್ತಿರುವುದು ಈ ಹಕ್ಕಿಗೆ. ನಿಂತರೆ ಅದರ ತಲೆ ನಮ್ಮ ಹುಡುಗನ ತಲೆಯ ಮಟ್ಟಕ್ಕೆ ಬಂದೀತು. ಅದು ಉಣ್ಣುವ ರೀತಿ ಲೋಕದಲ್ಲಿಯೇ ವಿಲಕ್ಷಣವಾದದ್ದು. ಉದ್ದವಾದ ಕತ್ತನ್ನು ಬಗ್ಗಿಸಿ, ತಲೆಯನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು, ಮೇಲಿನ ಕೊಕ್ಕು ಕೆಳಗಾಗುವಂತೆ ಹಿಡಿದು, ಅತ್ತಿತ್ತ ಆಡಿಸುತ್ತ ನಡೆಯುತ್ತದೆ. ದಪ್ಪನಾದ ನಾಲಗೆಯು ನೀರೆತ್ತುವ ಪಂಪಿನಂತೆ ಹಿಂದುಮುಂದಾಗಿ ಚಲಿಸಿ ಕೆಸರು ನೀರನ್ನು ಎಳೆದು ಹೊರದೂಡುತ್ತದೆ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಿರುವ ಎಳೆಗಳಲ್ಲಿ ಸಣ್ಣ ಸೀಗಡಿ, ಹುಳು, ಪಾಚಿ, ಬೀಜಗಳು ಉಳಿಯುತ್ತವೆ. ಇದನ್ನು ದುರ್ಬೀನಿನಲ್ಲಿ ನೋಡಿ ಅಕ್ಕನು, “ಜರಡಿಯನ್ನು ಬಾಯಲ್ಲೇ ಇಟ್ಟುಕೊಂಡು ಹುಟ್ಟಿದೆಯಲ್ಲ ಇದು!” ಎಂದಳು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಅದರ ಕೆಂಪು ಬಣ್ಣವೂ ಊಟದಿಂದಲೇ ಬಂದದ್ದು. ಪಾಚಿಯಲ್ಲಿಯೂ ಅದನ್ನು ತಿನ್ನುವ ಸಣ್ಣ ಜೀವಿಗಳಲ್ಲಿಯೂ ಇರುವ ವರ್ಣದ್ರವ್ಯವು ಹಕ್ಕಿಯ ಗರಿಗೆ ಏರುತ್ತದೆ. ಆ ಆಹಾರ ದೊರೆಯದಿದ್ದರೆ ಗರಿ ಬಿಳಿಚಿಕೊಳ್ಳುವುದು. ಮರಿಗಳಾದರೋ ಮೊದಲು ಬೂದುಬಣ್ಣದವು. ಈ ಸರೋವರವು ರಾಜಹಂಸಗಳಿಗೆ ಊಟದ ಮನೆಯೇ ಹೊರತು ಹೆರಿಗೆಯ ಮನೆಯಲ್ಲ. ನಮ್ಮ ದೇಶದಲ್ಲಿ ಅವು ದೊಡ್ಡ ಸಂಖ್ಯೆಯಲ್ಲಿ ಗೂಡುಕಟ್ಟುವುದು ಗುಜರಾತಿನ ಕಚ್ಛದ ಮಹಾರಣದಲ್ಲಿ. ಅಲ್ಲಿ ಮಳೆ ಚೆನ್ನಾಗಿ ಬಂದ ವರ್ಷ ಕೆಸರಿನ ಚಿಕ್ಕ ದಿಬ್ಬಗಳನ್ನು ಮಾಡಿ, ಒಂದೊಂದರ ಮೇಲೂ ಒಂದೇ ಮೊಟ್ಟೆಯನ್ನಿಡುತ್ತವೆ. ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು 1945ರಲ್ಲಿ ಅಲ್ಲಿಗೆ ಹೋಗಿ ಲಕ್ಷಗಟ್ಟಲೆ ಹಕ್ಕಿಗಳ ಆ ನಗರವನ್ನು ಕಂಡು ಬರೆದಿದ್ದಾರೆ.

ರಾಜಹಂಸಗಳಿಂದ ಕಣ್ಣನ್ನು ಕಿತ್ತು ಇತರ ಹಕ್ಕಿಗಳ ಕಡೆಗೆ ತಿರುಗಿಸಿದಾಗ, ಈ ಭೋಜನಶಾಲೆಯಲ್ಲಿ ಒಂದು ಪಂಕ್ತಿಕ್ರಮವಿರುವುದು ಗೋಚರವಾಯಿತು. ನೀರು ನೆಲ ಸೇರುವ ಕೆಸರಿನಂಚಿನಲ್ಲಿ, ಚೋಟುದ್ದದ ಉಲ್ಲಂಕಿಗಳು ಓಡಾಡಿ ಚುಚ್ಚಿ ಚುಚ್ಚಿ ತಿನ್ನುತ್ತಿದ್ದವು. ಅದಕ್ಕೂ ಒಂದು ಗೇಣು ಒಳಗೆ ಮೆಟ್ಟುಗಾಲು ಹಕ್ಕಿಗಳು, ಎಳೆಗೆಂಪು ಬಣ್ಣದ ಕಡ್ಡಿಗಾಲುಗಳ ಮೇಲೆ. ಮೊಣಕಾಲಿನ ನೀರಿನಲ್ಲಿ ಬೆಳ್ಳಕ್ಕಿ, ಬೂದುಬಕ, ಬಣ್ಣದ ಕೊಕ್ಕರೆ, ಮತ್ತು ಕೊಕ್ಕನ್ನೇ ಸೌಟಿನಂತೆ ಆಡಿಸುವ ಚಮಚಕೊಕ್ಕಿನ ಹಕ್ಕಿ. ಇನ್ನೂ ಆಚೆ, ಕಾಲು ಎಟುಕದ ಕಡೆ, ಸೂಜಿಬಾಲದ ಬಾತುಗಳ ಹಿಂಡು. ಅವು ಹಿಮಾಲಯದ ಆಚೆಯ ಶೀತದೇಶಗಳಿಂದ ಬಂದ ಅತಿಥಿಗಳು. ಮೇಲಿನಿಂದ ರೀವಗಳು ಕಲ್ಲು ಬಿದ್ದಂತೆ ಬಿದ್ದು ಮೀನು ಹಿಡಿಯುತ್ತಿದ್ದವು. ಯಾರೂ ಇನ್ನೊಬ್ಬರ ಎಲೆಗೆ ಕೈಹಾಕುವಂತಿರಲಿಲ್ಲ. ಯಾರ ಸ್ಥಾನ ಎಲ್ಲಿಯೆಂಬುದನ್ನು ಕಾಲಿನ ಉದ್ದವೂ ಕೊಕ್ಕಿನ ಆಕಾರವೂ ಗೊತ್ತುಮಾಡಿದ್ದವು. ನೀರು ಒಂದು ಮೊಳ ಏರಿದರೆ ಅರ್ಧ ಪಂಕ್ತಿ ಎದ್ದು ಹೋಗಬೇಕು. ಒಂದು ಮೊಳ ಇಳಿದರೆ ಉಳಿದರ್ಧ ಏಳಬೇಕು.

ರಸ್ತೆಯ ಕೊನೆಗೆ ಶ್ರೀಹರಿಕೋಟೆ. 1971ರ ಅಕ್ಟೋಬರ್ 9ರಂದು ಒಂದು ಚಿಕ್ಕ ರಾಕೆಟ್ಟಿನ ಉಡಾವಣೆಯಿಂದ ಇಲ್ಲಿಯ ಕಾರ್ಯ ಆರಂಭವಾಯಿತು. 2023ರ ಜುಲೈ 14ರಂದು ಚಂದ್ರಯಾನ-3 ಹೊರಟದ್ದು ಈ ನೆಲದಿಂದಲೇ. ಅಪ್ಪಣೆಯಿಲ್ಲದೆ ಒಳಗೆ ಹೋಗುವಂತಿಲ್ಲವಾಗಿ ನಾವು ಹಿಂದಿರುಗಿದೆವು. ಆದರೆ ಒಂದು ಸಂಗತಿಯನ್ನು ಕನ್ನಡಿಗರು ನೆನೆಯಬೇಕು. ಈ ಕೇಂದ್ರಕ್ಕೆ 2002ರಲ್ಲಿ ಯಾರ ಹೆಸರನ್ನಿಡಲಾಯಿತೋ ಆ ಸತೀಶ ಧವನರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ 1962ರಿಂದ 1981ರವರೆಗೆ ದುಡಿದವರು. ರಾಕೆಟ್ಟುಗಳನ್ನು ಹಾರಿಸುವ ಸಂಸ್ಥೆಯ ಅಧ್ಯಕ್ಷತೆಯಿಂದ ನಿವೃತ್ತರಾದ ಮೇಲೆ ಅವರು 1988ರಲ್ಲಿ ಪ್ರಕಟಿಸಿದ ಗ್ರಂಥವು ಹಕ್ಕಿಗಳ ಹಾರಾಟವನ್ನು ಕುರಿತದ್ದು. ಇದನ್ನು ಹೇಳಿದಾಗ ಹುಡುಗನಿಗೆ ಬಹಳ ಸಂತೋಷವಾಯಿತು. ಅಲ್ಲಿಯವರೆಗೆ ಅವನಿಗೆ ಹಕ್ಕಿಗಳಿಗಿಂತ ರಾಕೆಟ್ಟೇ ದೊಡ್ಡದಾಗಿತ್ತು.

ಹಿಂದಿರುಗುವಾಗ ರಸ್ತೆಯ ಬದಿಯಲ್ಲಿ ದೋಣಿಯನ್ನು ದಡಕ್ಕೆ ಎಳೆದು ಬಲೆಯನ್ನು ಬಿಡಿಸುತ್ತ ಕುಳಿತಿದ್ದ ಒಬ್ಬ ವೃದ್ಧ ಬೆಸ್ತರನ್ನು ಅಕ್ಕನು ತೆಲುಗಿನಲ್ಲಿ ಮಾತನಾಡಿಸಿದಳು. ಬುತ್ತಿಯ ಚಪಾತಿಯನ್ನು ಅವರೂ ಸ್ವೀಕರಿಸಿದರು. “ಇಷ್ಟು ಹಕ್ಕಿಗಳು ದಿನವೂ ಮೀನು ತಿಂದರೆ ನಿಮಗೇನು ಉಳಿಯುತ್ತದೆ?” ಎಂದು ಹುಡುಗನು ಕೇಳಿಸಿದನು. ಮುದುಕರು ನಕ್ಕರು. “ಹಕ್ಕಿ ಬಂದಿದ್ದರೆ ನೀರು ಸರಿಯಾಗಿದೆ ಎಂದು ಅರ್ಥ ಕಣಪ್ಪ. ಹಕ್ಕಿ ಬಾರದ ವರ್ಷ ನಮ್ಮ ಬಲೆಯೂ ಬರಿದೇ. ನಮಗೆ ಹೆದರಿಕೆ ಹಕ್ಕಿಯದಲ್ಲ, ಮರಳಿನದು” ಎಂದರು.

ಅವರ ಮಾತಿನ ತಿರುಳು ಇದು. ಸೀಗಡಿಯ ತಾಯಿ ಮೊಟ್ಟೆಯಿಡುವುದು ಕಡಲಿನಲ್ಲಿ. ಕೂದಲೆಳೆಯಂತಹ ಮರಿಗಳು ಉಬ್ಬರದ ಜೊತೆಗೆ ಅಳಿವೆಯ ಮೂಲಕ ಸರೋವರಕ್ಕೆ ಬಂದು ಇಲ್ಲಿಯ ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತವೆ. ಕಡಲಿನ ಅಲೆಗಳು ಅಳಿವೆಯ ಬಾಯಿಗೆ ಮರಳನ್ನು ತಂದು ಒಡ್ಡುತ್ತವೆ. ಹೊಳೆಗಳ ಪ್ರವಾಹ ಬಲವಾಗಿದ್ದರೆ ಅದು ಕೊಚ್ಚಿಹೋಗುತ್ತದೆ. ಪ್ರವಾಹ ಸೊರಗಿದ ವರ್ಷ ಬಾಯಿ ಮುಚ್ಚುತ್ತದೆ. ಆಗ ಮರಿಗಳೂ ಬಾರವು, ನೀರೂ ಬಾರದು. ಇದ್ದ ನೀರು ಬಿಸಿಲಿಗೆ ಇಂಗಿ ಉಪ್ಪಿನ ಪೊರೆಯಾಗುತ್ತದೆ. ಹೊಳೆಗಳು ಹೊತ್ತು ತರುವ ಹೂಳೂ ತಳವನ್ನು ಏರಿಸುತ್ತ ಬರುತ್ತದೆ. ನಾವು ಸುಖವಾಗಿ ಬಂದ ಈ ರಸ್ತೆಯೂ ಒಂದು ಒಡ್ಡೇ ಆಗಿದ್ದು, ಅದರ ಸೇತುವೆಗಳ ಕಂಡಿಗಳಲ್ಲಿ ನುಸುಳಿದಷ್ಟೇ ನೀರು ಆಚೀಚೆ ಹಾಯಬೇಕು. “ನಾನು ಹುಡುಗನಾಗಿದ್ದಾಗ ಇಲ್ಲಿ ಗಳು ಹಾಕಿ ದೋಣಿ ನಡೆಸುತ್ತಿದ್ದೆ, ತಾಯಿ. ಈಗ ವರ್ಷದಲ್ಲಿ ಕೆಲವು ತಿಂಗಳು ದೋಣಿಯನ್ನು ನಾನೇ ಎಳೆಯುತ್ತೇನೆ. ಮಗನು ಕಾರ್ಖಾನೆಗೆ ಹೋಗುತ್ತಾನೆ. ಅವನನ್ನು ತಪ್ಪೆನ್ನಲಾರೆ” ಎಂದು ಅವರು ಬಲೆಯ ಗಂಟಿನ ಕಡೆಗೆ ಕಣ್ಣಿಟ್ಟೇ ಹೇಳಿದರು. ಅಕ್ಕನು ಮುಂದೆ ಏನನ್ನೂ ಕೇಳಲಿಲ್ಲ.

ದಕ್ಷಿಣದ ತಮಿಳು ಬೆಸ್ತರ ಹಳ್ಳಿಗಳಲ್ಲಿ ‘ಪಾಡು’ ಎಂಬ ಹಳೆಯ ಕಟ್ಟಳೆಯೊಂದುಂಟು. ಸೀಗಡಿ ಸಿಕ್ಕುವ ಒಳ್ಳೆಯ ಸ್ಥಳಗಳನ್ನು ಯಾರೂ ತಮ್ಮದೆನ್ನದೆ, ಚೀಟಿಯೆತ್ತಿ ಸರದಿಯಂತೆ ಹಂಚಿಕೊಳ್ಳುತ್ತಾರೆ. ಹಕ್ಕಿಗಳು ಕಾಲಿನ ಉದ್ದದಿಂದ ಹಂಚಿಕೊಂಡದ್ದನ್ನು ಮನುಷ್ಯರು ವಿವೇಕದಿಂದ ಹಂಚಿಕೊಂಡಿದ್ದಾರೆ. ಆದರೆ ಹಂಚಲು ಮೊದಲು ನೀರಿರಬೇಕಷ್ಟೆ!

ಮಧ್ಯಾಹ್ನದ ಮೇಲೆ ಸೂಳ್ಳೂರುಪೇಟೆಯಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರು ದೂರದ ನೇಲಪಟ್ಟಿಗೆ ಹೋದೆವು. ಇದು ಸಿಹಿನೀರಿನ ಕೆರೆ, 1976ರಿಂದ ಪಕ್ಷಿಧಾಮ. ಕೆರೆಯ ನೀರಿನಲ್ಲಿಯೇ ಬುಡ ನೆನೆಸಿಕೊಂಡು ನಿಂತಿರುವ ಮರಗಳ ಮೇಲೆ ಹೆಜ್ಜಾರ್ಲೆಗಳು ಸಾಲುಸಾಲಾಗಿ ಗೂಡುಕಟ್ಟಿದ್ದವು. ಕಾವಲುಗೋಪುರವನ್ನೇರಿ ನೋಡಿದರೆ ಮರಗಳೆಲ್ಲ ಸುಣ್ಣ ಬಳಿದಂತೆ ಬಿಳಿ. ತಾಯಿ ಬಂದು ಕೊಕ್ಕಿನ ಕೆಳಗಿನ ಚೀಲವನ್ನು ತೆರೆದರೆ, ಮರಿಯು ತಲೆಯನ್ನು ಪೂರ್ತಿಯಾಗಿ ಅದರೊಳಗೆ ತೂರಿಸಿ ಮೀನನ್ನು ಎಳೆದುಕೊಳ್ಳುತ್ತದೆ. “ತಾಯಿಯನ್ನೇ ನುಂಗುತ್ತಿದೆ!” ಎಂದು ಹುಡುಗನು ಕಿರುಚಿದನು, ಭಾವನವರು ಅವನ ಬಾಯಿಗೆ ಕೈ ಅಡ್ಡಹಿಡಿದರು.

ಈ ಹಕ್ಕಿ ನಮಗೆ ಹೊಸದಲ್ಲ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಹೆಜ್ಜಾರ್ಲೆಯು ಬಣ್ಣದ ಕೊಕ್ಕರೆಗಳೊಡನೆ ಊರೊಳಗಿನ ಹುಣಸೆ ಮುಂತಾದ ಮರಗಳಲ್ಲಿ ಗೂಡುಕಟ್ಟುವುದನ್ನು ಅನೇಕ ವಾಚಕರು ಕಂಡಿರಬಹುದು. ಅಲ್ಲಿ ಹಕ್ಕಿಗಳನ್ನು ಕಾಯುವುದು ಊರವರ ಅಕ್ಕರೆ; ಇಲ್ಲಿ ಮರದ ಬುಡದ ನೀರು. ಆ ನೀರಿದ್ದರೆ ಬೆಕ್ಕು ನರಿಗಳು ಮರಕ್ಕೆ ಸಮೀಪಿಸವು. ಮರಿಗಳಿಗೆ ಬೇಕಾದ ಮೀನಿಗಾಗಿ ಹಿರಿಯ ಹಕ್ಕಿಗಳು ಪುಲಿಕಾಟಿಗೂ ಹಾರುತ್ತವೆ. ಹಿಂಗಾರು ಮಳೆ ಕೈಕೊಟ್ಟು ಕೆರೆ ತುಂಬದ ವರ್ಷ ಗೂಡುಗಳೂ ವಿರಳ. ಆದಕಾರಣ ಸರೋವರವು ಅಡಿಗೆಮನೆಯಾದರೆ ಈ ಕೆರೆ ತೊಟ್ಟಿಲು. ಒಂದಕ್ಕೆ ಕೇಡಾದರೆ ಇನ್ನೊಂದಕ್ಕೆ ಉಳಿಗಾಲವಿಲ್ಲ.

ಹೋಗಬಯಸುವ ಗೃಹಸ್ಥರಿಗೆ ಕೆಲವು ಸೂಚನೆಗಳು. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಸೂಳ್ಳೂರುಪೇಟೆಯಲ್ಲಿ ರಾಜಹಂಸಗಳ ಹೆಸರಿನಲ್ಲಿ ಹಬ್ಬವನ್ನೂ ನಡೆಸುವುದುಂಟು. 2025ರ ಜನವರಿಯಲ್ಲಿ ನಡೆಯಿತು. ನೋಟಕ್ಕೆ ಬೆಳಗಿನ ಮೊದಲ ಎರಡು ಗಂಟೆಗಳೂ ಸಂಜೆಯ ಕೊನೆಯ ಎರಡು ಗಂಟೆಗಳೂ ಶ್ರೇಷ್ಠ. ಮಾಸಲು ಬಣ್ಣದ ಬಟ್ಟೆ ತೊಡಬೇಕು. ನೆರಳಿಲ್ಲದ ಸ್ಥಳವಾದ್ದರಿಂದ ಛತ್ರಿ, ಕುಡಿಯುವ ನೀರು ಅವಶ್ಯಕ. ಹಕ್ಕಿಗಳು ಏಳಲೆಂದು ಕೂಗುವುದು, ಕಲ್ಲೆಸೆಯುವುದು, ಕೆಸರಿನಲ್ಲಿ ಅವುಗಳ ಬೆನ್ನಟ್ಟುವುದು ಸಲ್ಲದು. ಒಮ್ಮೆ ಎದ್ದ ಹಕ್ಕಿಯು ತಿಂದ ಊಟದ ಬಲವನ್ನು ರೆಕ್ಕೆಗೆ ಸುರಿಯಬೇಕಾದೀತು.

ಇಷ್ಟು ದೂರ ಹೋಗಲಾರದವರಿಗೂ ಈ ಸರೋವರ ಒಂದು ಮಾತನ್ನು ಹೇಳುತ್ತದೆ. ನಮ್ಮ ಊರುಗಳಲ್ಲಿ ಕೆರೆಗಳನ್ನು ‘ಅಭಿವೃದ್ಧಿ’ಪಡಿಸುವ ಉತ್ಸಾಹ ಈಗ ಹೆಚ್ಚಾಗಿದೆ. ಹೂಳೆತ್ತುವುದು ಒಳ್ಳೆಯದೇ. ಆದರೆ ಸುತ್ತಲೂ ಅಂಚನ್ನು ನೆಟ್ಟಗೆ ಕತ್ತರಿಸಿ, ಕಲ್ಲುಕಟ್ಟಿ, ಕೆರೆಯನ್ನು ಬಾವಿಯಂತೆ ಆಳಮಾಡಿದರೆ ನೀರು ನಿಂತೀತೇ ಹೊರತು ಹಕ್ಕಿ ನಿಲ್ಲದು. ಗೇಣುದ್ದದ ಕಾಲಿನವಕ್ಕೆ ಗೇಣು ನೀರು, ಮೊಳದ ಕಾಲಿನವಕ್ಕೆ ಮೊಳ ನೀರು ಬೇಕು. ನೋಡುವವರಿಗೆ ನಿಷ್ಪ್ರಯೋಜಕವಾಗಿ ತೋರುವ ಆ ಕೆಸರಿನ ಇಳಿಜಾರಂಚೇ ಅವುಗಳ ಅನ್ನದ ತಟ್ಟೆ. ನಿಮ್ಮ ಊರಿನ ಕೆರೆಯ ವಿಷಯವಾಗಿ ಸಭೆ ಸೇರಿದಾಗ, ಒಂದು ಕಡೆಯಾದರೂ ಆ ಅಂಚನ್ನು ಹಾಗೆಯೇ ಬಿಡಿರೆಂದು ಯಾರಾದರೂ ಎದ್ದು ಹೇಳಬೇಕು. ಅದಕ್ಕೆ ಹಣ ಬೇಕಾಗಿಲ್ಲ. ಹಾಗೆ ಬಿಟ್ಟ ಕಡೆ, ಮುಂದಿನ ಮಾಗಿಯಲ್ಲಿ ಒಂದು ಜೊತೆ ಮೆಟ್ಟುಗಾಲು ಹಕ್ಕಿಯಾದರೂ ಬಂದು ನಿಂತು, ಮನೆಯ ಮಕ್ಕಳಿಗೆ ದೂರದ ಸರೋವರದ ಪಾಠವನ್ನು ಕಲಿಸೀತು.